ಹಾಸನ ಸೀಮೆಯ ಮನೆಗಳಲ್ಲಿ ಭಾವಚಿತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳನ್ನು ಹೊಕ್ಕು ಬಂದವರಿಗೆ ಅಲ್ಲಿನ ನಡುಮನೆಯ ಪಟಗಳ ಸಾಲು ಅಪರಿಚಿತವಲ್ಲ. ಬಾಗಿಲವಾಡದ ಮೇಲೆ, ತುಸು ಮುಂದಕ್ಕೆ ಬಾಗಿದಂತೆ, ಅವುಗಳನ್ನು ತೂಗುಹಾಕಿರುವರು. ನಡುವೆ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇರುವಳು. ಎರಡು ಪಕ್ಕಗಳಲ್ಲಿ ಮನೆಯ ಹಿರಿಯರು. ಜರಿಪೇಟ ಸುತ್ತಿ, ಕತ್ತಿನವರೆಗೆ ಗುಂಡಿ ಹಾಕಿದ ಕೋಟನ್ನು ತೊಟ್ಟು, ಅಂಗವಸ್ತ್ರವನ್ನು ಇಳಿಬಿಟ್ಟು ಕುಳಿತ ಯಜಮಾನರು. ಸೆರಗನ್ನು ಹೊದೆದು ಕೈಗಳನ್ನು ಮಂಡಿಯ ಮೇಲಿರಿಸಿಕೊಂಡ ಗೃಹಿಣಿಯರು. ಅವರ ಕಾಲಡಿಯಲ್ಲಿ ಜಮಖಾನದ ಮೇಲೆ ಬೆದರುಗಣ್ಣಿನ ಮಕ್ಕಳು. ದೇವತೆಗಳ ಹೆಸರನ್ನು ಮನೆಯ ಎಳೆಯ ಮಗುವೂ ಹೇಳಬಲ್ಲುದು. ಪಕ್ಕದಲ್ಲಿರುವ ಹಿರಿಯರ ಹೆಸರನ್ನು ಕೇಳಿದರೆ ದೊಡ್ಡವರೇ ಅನೇಕ ವೇಳೆ ತಡವರಿಸುವರು.

ಅರಸರ ಚರಿತ್ರೆಗೆ ಶಾಸನಗಳ ಆಧಾರವುಂಟು. ರೈಸ್ ಸಾಹೇಬರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ದಾನಕೊಟ್ಟವರು, ಕಾಳಗದಲ್ಲಿ ಮಡಿದವರು, ಕೆರೆ ಕಟ್ಟಿಸಿದವರು, ಇವರೆಲ್ಲರ ವೃತ್ತಾಂತವೂ ಅದರಲ್ಲಿ ದೊರೆಯುವುದು. ಆದರೆ ಸಾಮಾನ್ಯ ಸಂಸಾರವೊಂದರಲ್ಲಿ ಎಷ್ಟು ಮಂದಿ ಇದ್ದರು, ಏನನ್ನು ಉಡುತ್ತಿದ್ದರು, ಯಾವ ಕೂಸನ್ನು ಯಾರು ಎತ್ತಿಕೊಳ್ಳುತ್ತಿದ್ದರು, ಕೊಟ್ಟಿಗೆಯಲ್ಲಿ ಯಾವ ಎತ್ತು ನಿಂತಿದ್ದಿತು ಎಂಬುದನ್ನು ಯಾವ ಕಲ್ಲೂ ಹೇಳದು. ಕಳೆದ ನೂರು ವರ್ಷಗಳ ಮಟ್ಟಿಗೆ ಈ ಚರಿತ್ರೆಗೆ ಉಳಿದಿರುವ ಸಾಕ್ಷಿಯೆಂದರೆ ಆ ಗೋಡೆಯ ಪಟಗಳೇ. ಅವು ಈ ಸೀಮೆಗೆ ಹೇಗೆ ಬಂದುವು, ಹೇಗೆ ಬದಲಾದುವು, ಈಗ ಅವುಗಳ ಗತಿಯೇನು ಎಂಬುದು ವಿಚಾರಾರ್ಹವಾದ ವಿಷಯ.

ಆಪ್ತರ ರೂಪವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಕ್ಯಾಮೆರಾದೊಡನೆ ಹುಟ್ಟಿದುದಲ್ಲ. ಊರೂರುಗಳಲ್ಲಿ ನಿಂತಿರುವ ವೀರಗಲ್ಲು ಮಾಸ್ತಿಕಲ್ಲುಗಳು ಅದಕ್ಕೆ ನಿದರ್ಶನ. ಆದರೆ ಅವುಗಳಲ್ಲಿ ಕಾಣುವುದು ವ್ಯಕ್ತಿಯ ಮುಖವಲ್ಲ, ಅವನ ಪದವಿ. ಎಲ್ಲ ವೀರರೂ ಒಂದೇ ಬಗೆಯಾಗಿ ಕತ್ತಿ ಹಿಡಿದಿರುವರು. ಎಲ್ಲ ಮಹಾಸತಿಯರ ಕೈಯೂ ಬಳೆ ತೊಟ್ಟು ಒಂದೇ ರೀತಿಯಲ್ಲಿ ಮೇಲೆತ್ತಿರುವುದು. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮೂಡಣ ಬಾಗಿಲಿನ ಪಕ್ಕದ ಜಾಲಂಧ್ರದಲ್ಲಿ ರಾಜಸಭೆಯೊಂದನ್ನು ಕೆತ್ತಿರುವರು. ಅದು ವಿಷ್ಣುವರ್ಧನನ ಸಭೆಯೆಂದು ವಿದ್ವಾಂಸರು ಗುರುತಿಸಿರುವರು. ಅಲ್ಲಿಯೂ ದೊರೆಯ ಗಾಂಭೀರ್ಯವನ್ನು ಕಾಣಬಹುದಲ್ಲದೆ ಅವನ ಮೂಗು ಕಣ್ಣುಗಳು ಹೀಗೆಯೇ ಇದ್ದುವೆಂದು ಹೇಳಲಾಗದು.

ಸಾಕುಪ್ರಾಣಿಗಳ ವಿಷಯದಲ್ಲಿಯೂ ಕನ್ನಡನಾಡಿನಲ್ಲಿ ಇಂಥದೊಂದು ಪ್ರಾಚೀನ ಸ್ಮಾರಕವಿರುವುದು. ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಕಲ್ಲು ಶಕ ೮೭೨ರದು, ಅಂದರೆ ಕ್ರಿ. ಶ. ೯೫೦ರ ಸುಮಾರಿನದು. ಚೋಳರೊಡನೆ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಕೇಳಲಿಲ್ಲ. ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಲು ಎರಡೂ ಸತ್ತುವು. ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿರುವುದು. ಈ ಕಲ್ಲನ್ನು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿ ರಕ್ಷಿಸಿರುವರು. ಚಿತ್ರ, ಹೆಸರು, ಸಂದರ್ಭ ಈ ಮೂರೂ ಒಂದೆಡೆ ಸೇರಿರುವುದು ಅದರ ವಿಶೇಷ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ನೋಡತಕ್ಕದ್ದು.

೧೮೩೯ರಲ್ಲಿ ಫ್ರಾನ್ಸಿನ ದಗೇರನ ಕ್ರಮವು ಲೋಕಕ್ಕೆ ತಿಳಿಯಿತು. ಮುಂದಿನ ಹದಿನೈದು ವರ್ಷಗಳಲ್ಲಿಯೇ ಕ್ಯಾಮೆರಾ ಹಾಸನ ಸೀಮೆಯನ್ನು ಮುಟ್ಟಿತು. ಮದ್ರಾಸು ಸೈನ್ಯದ ಕ್ಯಾಪ್ಟನ್ ಲಿನೀಯಸ್ ಟ್ರೈಪನು ಬೆಂಗಳೂರಿನಲ್ಲಿದ್ದಾಗ, ೧೮೫೪ರ ಡಿಸೆಂಬರಿನಲ್ಲಿ, ಹಳೇಬೀಡು ಬೇಲೂರುಗಳಿಗೆ ಬಂದು ದೇವಾಲಯಗಳ ಚಿತ್ರಗಳನ್ನು ತೆಗೆದನು. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವುಗಳನ್ನು ಜನರು ಕಂಡರು. ಓಕ್ಲೀ ಎಂಬವನು ಹಳೇಬೀಡಿನ ದೇವಾಲಯವನ್ನೇ ಕುರಿತು ಐವತ್ತಾರು ಚಿತ್ರಗಳ ಪುಸ್ತಕವನ್ನು ೧೮೫೯ರಲ್ಲಿ ಪ್ರಕಟಿಸಿದನು. ೧೮೬೬ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪದ ಚಿತ್ರಸಂಪುಟವು ಲಂಡನ್ನಿನಲ್ಲಿ ಹೊರಬಂದಿತು. ಹೀಗೆ ಹಾಸನ ಸೀಮೆಯ ಶಿಲೆಗಳ ರೂಪವನ್ನು ಕಡಲಾಚೆಯ ಜನ ನೋಡಿದರು.

ಮೊದಲು ಕಲ್ಲೇ ಚಿತ್ರವಾದುದಕ್ಕೆ ಕಾರಣವಿಲ್ಲದಿಲ್ಲ. ಅಂದಿನ ಕಾಗದದ ಮೇಲಾಗಲಿ ಗಾಜಿನ ಮೇಲಾಗಲಿ ಬಿಂಬವು ಅಚ್ಚೊತ್ತಲು ಬಹಳ ಹೊತ್ತು ಹಿಡಿಯುತ್ತಿದ್ದಿತು. ಕಾಗದದ ಕ್ರಮದಲ್ಲಿ ಹಲವು ನಿಮಿಷಗಳೇ ಬೇಕಾಗಬಹುದಾಗಿದ್ದಿತು. ೧೮೫೧ರಲ್ಲಿ ಬಂದ ಒದ್ದೆ ಗಾಜಿನ ಕ್ರಮವು ಇದಕ್ಕಿಂತ ಚುರುಕಾದರೂ, ಗಾಜಿಗೆ ರಸಾಯನವನ್ನು ಬಳಿದು, ಅದು ಆರುವುದರೊಳಗೆ ಚಿತ್ರವನ್ನು ತೆಗೆದು, ಹತ್ತಿರದ ಕತ್ತಲೆಯ ಗುಡಾರದಲ್ಲಿಯೇ ತೊಳೆದು ಮುಗಿಸಬೇಕಾಗಿದ್ದಿತು. ಶಿಲಾಬಾಲಿಕೆಯು ಅಲುಗಾಡಳು, ಅವಳಿಗೆ ಬೇಸರವಿಲ್ಲ. ಕನ್ನಡಿ ಹಿಡಿದು ನಿಂತ ಬೇಲೂರಿನ ದರ್ಪಣಸುಂದರಿಗೆ ಎಷ್ಟು ಹೊತ್ತಾದರೂ ಒಂದೇ ಭಂಗಿ. ತೊಡೆಯ ಮೇಲೆ ಕೂಸನ್ನಿಟ್ಟುಕೊಂಡ ತಾಯಿಯ ವಿಷಯ ಹಾಗಲ್ಲ. ಆದುದರಿಂದ ಏಳು ಶತಮಾನಗಳ ಹಿಂದಿನ ಕಲ್ಲಿನ ಹೆಂಗಸರಿಗೆ ದೊರೆತ ಭಾಗ್ಯಕ್ಕಾಗಿ ಅದೇ ಊರಿನ ಜೀವಂತ ಹೆಂಗಸರು ಇನ್ನೂ ಬಹುಕಾಲ ಕಾಯಬೇಕಾಯಿತು.

ಜನರ ಕಡೆಗೆ ಕ್ಯಾಮೆರಾ ತಿರುಗಿದಾಗಲೂ ಅದು ಮೊದಲು ನೋಡಿದುದು ಸಂಸಾರವನ್ನಲ್ಲ, ಜಾತಿಯನ್ನು. ಸರ್ಕಾರದವರೂ ಪಂಡಿತರೂ ನಾಡಿನ ಜನವರ್ಗಗಳನ್ನು ವಿಂಗಡಿಸಿ ಬರೆಯುವ ಕಾರ್ಯದಲ್ಲಿ ಚಿತ್ರವನ್ನು ಸಾಧನವನ್ನಾಗಿ ಮಾಡಿಕೊಂಡರು. ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಎಲ್. ಕೆ. ಅನಂತಕೃಷ್ಣ ಅಯ್ಯರವರು ಮುಗಿಸಿದ ಮೈಸೂರಿನ ಜಾತಿ ಬುಡಕಟ್ಟುಗಳ ಗ್ರಂಥವು ೧೯೨೮ರಿಂದ ೧೯೩೫ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದಿತು. ಅದರ ವಿದ್ವತ್ತು ಗೌರವಾರ್ಹವಾದುದು. ಆದರೂ ಇಂಥ ಗ್ರಂಥಗಳ ಚಿತ್ರದಲ್ಲಿ ನಿಂತವನು ಒಂದು ಕುಲದ ಮಾದರಿ. ಅವನ ಸ್ವಂತ ಹೆಸರಿಗೆ ಅಲ್ಲಿ ಕೆಲಸವಿಲ್ಲ. ಅದೇ ಮನುಷ್ಯನು ಪೇಟೆಗೆ ಹೋಗಿ, ತನ್ನ ಹಣವನ್ನು ಕೊಟ್ಟು, ಹೆಂಡತಿ ಮಕ್ಕಳೊಡನೆ ಪಟ ತೆಗೆಸಿಕೊಂಡಾಗ ಅವನು ಮಾದರಿಯಲ್ಲ, ತಂದೆ. ಭಾವಚಿತ್ರದ ಇತಿಹಾಸದಲ್ಲಿ ಈ ವ್ಯತ್ಯಾಸವು ಅಲ್ಪವಾದುದಲ್ಲ.

ಈ ಪರಿವರ್ತನೆಗೆ ಎರಡು ಅನುಕೂಲಗಳು ಒದಗಿದುವು. ಮೊದಲನೆಯದು ಒಣಗಿದ ಗಾಜಿನ ಫಲಕ. ೧೮೭೧ರಲ್ಲಿ ಇಂಗ್ಲೆಂಡಿನ ಮ್ಯಾಡಾಕ್ಸನು ಇದರ ಕ್ರಮವನ್ನು ತಿಳಿಸಿದ ಮೇಲೆ ಹತ್ತು ವರ್ಷಗಳೊಳಗಾಗಿ ಸಿದ್ಧ ಫಲಕಗಳು ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬಂದುವು. ಎರಡನೆಯದು ಪ್ರಯಾಣಸೌಕರ್ಯ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಅರಸೀಕೆರೆಗಳ ನಡುವಣ ರೈಲುಮಾರ್ಗವು ಹೊಳೆನರಸೀಪುರ ಹಾಸನಗಳ ಮೂಲಕ ಹಾದುಬಂದಿತು. ಅರಕಲಗೂಡು ಚನ್ನರಾಯಪಟ್ಟಣಗಳಿಗೆ ಆಗ ರೈಲಿರಲಿಲ್ಲ. ಅಲ್ಲಿಯವರು ಗಾಡಿಯಲ್ಲಿಯೋ ಮೋಟಾರಿನಲ್ಲಿಯೋ ದೊಡ್ಡ ಊರಿಗೆ ಹೋಗಬೇಕು, ಇಲ್ಲವೆ ಪಟ ತೆಗೆಯುವವನೇ ತನ್ನ ಮೂರು ಕಾಲಿನ ಪೀಠವನ್ನೂ ಕರಿಯ ಮುಸುಕನ್ನೂ ಹೊರಿಸಿಕೊಂಡು ಮದುವೆಯ ಮನೆಗೋ ಜಾತ್ರೆಗೋ ಬರಬೇಕು. ಪರಿಷೆಗಳಲ್ಲಿ ಇಂಥವರು ಗುಡಾರ ಹಾಕಿ ಕೂಡುತ್ತಿದ್ದುದು ಮೈಸೂರು ಸೀಮೆಯಲ್ಲಿ ಸಾಮಾನ್ಯವಾದ ನೋಟ.

ಸ್ಟುಡಿಯೋ ಎಂಬುದು ಒಂದು ಸಣ್ಣ ನಾಟಕಶಾಲೆಯಂತೆ ಇರುತ್ತಿದ್ದಿತು. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಬೆಳಕಿಗಾಗಿ ಸೂರಿನ ಒಂದು ಪಾಲನ್ನು ಗಾಜಿನಿಂದ ಹೊದಿಸಿ, ಬಿಸಿಲು ನೇರವಾಗಿ ಬೀಳದಂತೆ ಅದರ ಕೆಳಗೆ ಬಿಳಿಯ ಪರದೆಯನ್ನು ಎಳೆಯುತ್ತಿದ್ದರು. ಹಿಂದುಗಡೆ ಅರಮನೆಯ ಕಂಬಗಳನ್ನೋ ಉದ್ಯಾನವನ್ನೋ ಬರೆದ ದೊಡ್ಡ ತೆರೆ. ಪಕ್ಕದಲ್ಲಿ ಕಾಗದದ ಹೂವಿನ ಕುಂಡ. ಎತ್ತರದ ಮುಕ್ಕಾಲಿಯ ಮೇಲೆ ಒಂದು ಪುಸ್ತಕ. ಅಕ್ಷರವನ್ನೇ ಕಲಿಯದವರ ಕೈಯಲ್ಲಿಯೂ ಆ ಪುಸ್ತಕವು ಕಾಣಿಸಿಕೊಳ್ಳುವುದುಂಟು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವಲನ್ನು ಆನಿಸುವ ಪದ್ಧತಿಯೂ ಮೊದಲಲ್ಲಿ ಇದ್ದಿತು. “ಕಣ್ಣು ಮಿಟುಕಿಸಬೇಡಿ” ಎಂಬ ಅಪ್ಪಣೆಯಾದ ಮೇಲೆ ನಗುವುದಕ್ಕೆ ಯಾರಿಗೆ ಧೈರ್ಯ? ಅಜ್ಜಂದಿರು ಪಟಗಳಲ್ಲಿ ಅಷ್ಟು ಉಗ್ರರಾಗಿ ಕಾಣುವುದು ಅವರ ಸ್ವಭಾವದಿಂದಲ್ಲ, ಬಹುಮಟ್ಟಿಗೆ ಈ ಉಸಿರುಕಟ್ಟಿನಿಂದ. ಪಟ ತೆಗೆಸಿಕೊಂಡರೆ ಆಯುಸ್ಸು ಕಡಮೆಯಾಗುವುದೆಂಬ ನಂಬಿಕೆಯೂ ಆ ಮುಖಗಳ ಬಿಗುವಿಗೆ ಸ್ವಲ್ಪ ನೆರವಾಗಿದ್ದಿರಬೇಕು.

ಈ ಕಟ್ಟುಪಾಡಿನ ನಡುವೆಯೂ ಮೈಸೂರು ಸೀಮೆಯ ಹೆಂಗಸರು ತಮ್ಮದೇ ಆದ ಒಂದು ರೀತಿಯನ್ನು ಸ್ಟುಡಿಯೋಗಳಿಗೆ ತಂದರು. ಅದು ಮೊಗ್ಗಿನ ಜಡೆಯ ಪಟ. ಮಲ್ಲಿಗೆಯ ಮೊಗ್ಗು ಸಮೃದ್ಧವಾಗಿ ದೊರೆಯುವ ಬೇಸಗೆಯಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹೆಣೆದು, ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು, ಬಾಡುವುದಕ್ಕೆ ಮುಂಚೆ ಪಟ ತೆಗೆಸಲು ಕರೆದೊಯ್ಯುತ್ತಿದ್ದರು. ಆದರೆ ಮುಖ ಕಂಡರೆ ಜಡೆ ಕಾಣದು, ಜಡೆ ಕಂಡರೆ ಮುಖ ಕಾಣದು. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನಿಲುವುಗನ್ನಡಿ. ಹುಡುಗಿಯನ್ನು ಕನ್ನಡಿಯ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದರೆ ಮೊಗವೂ ಜಡೆಯೂ ಒಂದೇ ಚಿತ್ರದಲ್ಲಿ ಮೂಡುವುವು. ಮದುವಣಗಿತ್ತಿಗೂ ಸೀಮಂತದ ಗರ್ಭಿಣಿಗೂ ಇಂಥ ಪಟಗಳನ್ನು ತೆಗೆಸುತ್ತಿದ್ದರು. ಬೇಲೂರಿನ ಶಿಲ್ಪಿಯು ಕನ್ನಡಿಯನ್ನು ಹೆಂಗಸಿನ ಕೈಗೆ ಕೊಟ್ಟಿದ್ದನು. ಪೇಟೆಯ ಪಟ ತೆಗೆಯುವವನು ಅದನ್ನು ಅವಳ ಬೆನ್ನ ಹಿಂದೆ ನಿಲ್ಲಿಸಿದನು. ತಾಯಿಯು ಬೆಳಗಿನಿಂದ ಕುಳಿತು ಮಾಡಿದ ಕೆಲಸವು ಸಂಜೆಗೆ ಬಾಡಿಹೋಗುವುದು. ಅದನ್ನು ಉಳಿಸಿಕೊಳ್ಳುವುದೇ ಆ ಚಿತ್ರದ ಉದ್ದೇಶ.

ಶಿಶುಗಳ ಪಟವು ಸ್ಟುಡಿಯೋದವನಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ. ಯೂರೋಪಿನಲ್ಲಿ ತಾಯಿಯ ಮೇಲೆಯೇ ಬಟ್ಟೆ ಹೊದಿಸಿ ಕುರ್ಚಿಯಂತೆ ಮಾಡಿ, ಅವಳ ತೊಡೆಯ ಮೇಲೆ ಮಗುವನ್ನು ಕೂಡಿಸಿ ಚಿತ್ರ ತೆಗೆಯುತ್ತಿದ್ದುದುಂಟು. ಚಿತ್ರದಲ್ಲಿ ಮಗು ಮಾತ್ರ ಉಳಿದು ತಾಯಿಯು ಮರೆಯಾಗುವಳು. ಇಲ್ಲಿ ಗಿಲಕಿಯನ್ನು ಆಡಿಸಿ, ಗುಬ್ಬಿ ಬಂದಿತೆಂದು ತೋರಿಸಿ, ಮಗು ಒಂದು ಕ್ಷಣ ಬೆರಗಾದಾಗ ಮುಚ್ಚಳವನ್ನು ತೆಗೆದು ಹಾಕುವುದೇ ಯುಕ್ತಿ. ಕವುಚಿಕೊಂಡು ತಲೆಯೆತ್ತಿದ ಕೂಸು. ನವಿಲುಗರಿ ಸಿಕ್ಕಿಸಿ ಕೊಳಲು ಹಿಡಿಸಿದ ಕೃಷ್ಣ. ಲಂಗವುಡಿಸಿ ಜಡೆ ಹಾಕಿದ ಗಂಡುಮಗು. ಇವೆಲ್ಲ ಮನೆಮನೆಯಲ್ಲಿಯೂ ಕಾಣುವ ಚಿತ್ರಗಳು. ಇವುಗಳನ್ನು ಕಂಡು ಈಗ ಮೊಮ್ಮಕ್ಕಳು ನಗುವರು. ಆದರೆ ಹೆತ್ತ ಮಕ್ಕಳೆಲ್ಲ ಉಳಿಯುತ್ತಿದ್ದ ಕಾಲವಲ್ಲ ಅದು. ಸಿಡುಬು, ಮಲೆನಾಡಿನ ಅಂಚಿನ ಚಳಿಜ್ವರ, ೧೯೧೮ರ ಇನ್‌ಫ್ಲೂಯೆಂಜಾ ಇವುಗಳು ತೊಟ್ಟಿಲುಗಳನ್ನು ಬರಿದುಮಾಡಿದುವು. ಹೆಸರಿಟ್ಟು ವರ್ಷವಾಗುವುದರೊಳಗೆ ಹೋದ ಮಗುವಿಗೆ ಆಸ್ತಿಯ ಪತ್ರದಲ್ಲಿ ಸ್ಥಾನವಿಲ್ಲ, ವಂಶವೃಕ್ಷದಲ್ಲಿ ಸ್ಥಾನವಿಲ್ಲ. ಪಟವೊಂದಿದ್ದರೆ ಅದು ಬದುಕಿದ್ದಿತೆಂಬುದಕ್ಕೆ ಅದೇ ಆಧಾರ. ಇಂಥ ಪಟವನ್ನು ಗೋಡೆಗೆ ಹಾಕದೆ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡ ತಾಯಂದಿರ ಮನಸ್ಸನ್ನು ಊಹಿಸುವುದು ಕಷ್ಟವಲ್ಲ.

ಪ್ರಾಣಿಗಳಿಗೆ ಸ್ಟುಡಿಯೋದಲ್ಲಿ ಪ್ರವೇಶವಿಲ್ಲ. ಈ ಸೀಮೆಯ ಒಕ್ಕಲು ಮನೆಗಳಲ್ಲಿ ಪ್ರೀತಿಯ ಪ್ರಾಣಿಯೆಂದರೆ ಮೊದಲು ಎತ್ತು, ಬಳಿಕ ಹಸು, ಆಮೇಲೆ ನಾಯಿ. ಹಳ್ಳಿಕಾರ್ ತಳಿಗೆ ಹಾಸನ ಜಿಲ್ಲೆಯೂ ಒಂದು ತವರು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಂಥ ಕಡೆಗಳಲ್ಲಿ ಕೋಡಿಗೆ ಅಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು ತೊಡಿಸಿ ಜೋಡಿಯನ್ನು ನಿಲ್ಲಿಸಿದ ಒಕ್ಕಲಿಗನ ಮುಖದಲ್ಲಿ ಕಾಣುವ ಹೆಮ್ಮೆಯು ಅವನ ಮದುವೆಯ ಪಟದಲ್ಲಿಯೂ ಕಾಣದು. ನಾಯಿಯಾದರೋ ಕರೆಯದೆಯೇ ಚಿತ್ರದೊಳಕ್ಕೆ ಬರುವುದು. ಮನೆಯ ಮುಂದೆ ತೆಗೆದ ಹಳೆಯ ಸಂಸಾರಪಟಗಳಲ್ಲಿ ಎಲ್ಲರೂ ಸ್ಪಷ್ಟವಾಗಿದ್ದು, ಜಗಲಿಯ ಅಂಚಿನಲ್ಲಿ ಮಂಜುಮಂಜಾದ ಆಕೃತಿಯೊಂದು ಕಂಡರೆ, ಅದು ಬಾಲವಾಡಿಸಿದ ನಾಯಿಯೆಂದು ತಿಳಿಯಬೇಕು. ಇಡೀ ಪಟದಲ್ಲಿ ಸ್ವಾಭಾವಿಕವಾಗಿ ಇದ್ದುದು ಅದೊಂದೇ.

ಆ ಸ್ವಾಭಾವಿಕತೆಯು ಮನುಷ್ಯರ ಪಟಗಳಿಗೆ ಬರಲು ಸಣ್ಣ ಕ್ಯಾಮೆರಾ ಬೇಕಾಯಿತು. ಅಮೆರಿಕದ ಈಸ್ಟ್‌ಮನ್ನನು ೧೮೮೮ರಲ್ಲಿ ಸುರುಳಿಯ ಕೊಡಕ್ ಯಂತ್ರವನ್ನೂ, ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿ ಪೆಟ್ಟಿಗೆಯನ್ನೂ ಹೊರತಂದನು. ೧೯೨೫ರಲ್ಲಿ ಜರ್ಮನಿಯ ಲೈಕಾ ಮಾರಾಟಕ್ಕೆ ಬಂದಿತು. ಭಾರತದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಈ ಸೌಕರ್ಯವು ನಿಜವಾಗಿ ತಲಪಿದುದು ಸ್ವಾತಂತ್ರ್ಯಾನಂತರ, ಆಗ್ಫಾ ಕ್ಲಿಕ್ಕಿನಂಥ ಅಗ್ಗದ ಪೆಟ್ಟಿಗೆಗಳಿಂದ. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ೧೯೬೭ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಮೇಲೆ ಇಂದು ಎಂಬ ಸ್ವದೇಶೀ ಫಿಲ್ಮು ಅಂಗಡಿಗಳಿಗೆ ಬಂದಿತು. ಬೇಸಗೆಯ ರಜೆಗೆ ಬಂದ ಸೋದರಮಾವನು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬಂದನೆಂದರೆ ಮನೆಯೆಲ್ಲ ಅಂಗಳದಲ್ಲಿ.

ಕನ್ನಡನಾಡಿನಲ್ಲಿ ಈ ಬಗೆಯ ಚಿತ್ರಕ್ಕೆ ಕಲೆಯ ಗೌರವವನ್ನು ತಂದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅಗ್ರಗಣ್ಯರು. ಇವರು ಪತ್ರಿಕೆಗಳಿಗೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೂ ಚಿತ್ರಗಳನ್ನು ಒದಗಿಸಿದವರು. ೧೯೭೭ರಲ್ಲಿ ಪದ್ಮಶ್ರೀ ಪಡೆದರು. ೧೯೭೯ರ ಅಂತಾರಾಷ್ಟ್ರೀಯ ಶಿಶುವರ್ಷದಲ್ಲಿ ಇವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ಅವರ ಮಕ್ಕಳು ಯಾರ ಅಪ್ಪಣೆಗಾಗಿಯೂ ನಿಂತವರಲ್ಲ. ತಮ್ಮ ಪಾಡಿಗೆ ತಾವು ಆಡುತ್ತಿರುವವರು.

ಸ್ವಾಭಾವಿಕವಾದ ಭಾವಚಿತ್ರವೆಂದರೆ ಶ್ರಮವಿಲ್ಲದ ಚಿತ್ರವೆಂದು ಭ್ರಮಿಸಬಾರದು. ತೆರೆಯೂ ಕುಂಡವೂ ಹೋದ ಮಾತ್ರಕ್ಕೆ ಅದು ಸಿದ್ಧಿಸದು. ಬಲ್ಲವನು ಮೊದಲು ಕ್ಯಾಮೆರಾವನ್ನು ಬದಿಗಿಟ್ಟು ಮಗುವಿನೊಡನೆ ನೆಲದ ಮೇಲೆ ಕುಳಿತುಕೊಳ್ಳುವನು; ಮಗುವಿನ ಕಣ್ಣಿನ ಮಟ್ಟಕ್ಕೇ ತನ್ನ ಕಣ್ಣನ್ನೂ ಇಳಿಸುವನು. ಎಳೆಗೂಸಾದರೆ ಹಾಲು ಕುಡಿದು ನಿದ್ದೆಗೆ ಜಾರುವ ಹೊತ್ತು. ಅಜ್ಜಿಯಾದರೆ ಹೂ ಕಟ್ಟುವ ಹೊತ್ತು. ನಾಯಿಯಾದರೆ ಯಜಮಾನನ ಹೆಜ್ಜೆಯ ಸದ್ದಿಗೆ ಕಿವಿ ನಿಮಿರುವ ಕ್ಷಣ. ನಡುಹಗಲಿನ ಬಿಸಿಲು ಕಣ್ಣಿನ ಕೆಳಗೆ ಕಪ್ಪು ಹಾಕುವುದರಿಂದ ಬೆಳಗಿನ ಅಥವಾ ಇಳಿಹೊತ್ತಿನ ಬೆಳಕನ್ನು ಆರಿಸಿಕೊಳ್ಳುವನು. ಈ ಬೆಳಕಿಗೆ ಈ ಸೀಮೆಯ ತೊಟ್ಟಿಯ ಮನೆಗಿಂತ ಉತ್ತಮವಾದ ಸ್ಥಳವಿಲ್ಲ. ಮೇಲಿನಿಂದ ತೊಟ್ಟಿಗಿಳಿದ ಬೆಳಕು ಸುತ್ತಣ ಪಡಸಾಲೆಗೆ ಹದವಾಗಿ ಹರಡುವುದು. ಸ್ಟುಡಿಯೋದವನು ಗಾಜಿನ ಸೂರು ಹಾಕಿ ಯಾವ ಬೆಳಕನ್ನು ತರಿಸಿಕೊಂಡನೋ ಅದು ಹೊಳೆನರಸೀಪುರದ ಅಜ್ಜಿಯ ಪಡಸಾಲೆಯಲ್ಲಿ ಮೊದಲಿನಿಂದಲೂ ಇದ್ದಿತು. ಅರಮನೆಯ ತೆರೆಯ ಮುಂದೆ ನಿಲ್ಲಲು ಪೇಟೆಗೆ ಹೋದವರಿಗೆ ತಮ್ಮ ಮನೆಯೇ ಚಿತ್ರಕ್ಕೆ ಯೋಗ್ಯವೆಂದು ತೋರಲು ಎರಡು ತಲೆಮಾರು ಹಿಡಿದುವು. ಅಷ್ಟರಲ್ಲಿ ತೊಟ್ಟಿಯ ಮನೆಗಳೇ ಒಂದೊಂದಾಗಿ ಬಿದ್ದುಹೋಗತೊಡಗಿದುವು.

ಮನೆಯು ಹೋದ ಮೇಲೆ ಪಟದ ಬೆಲೆಯೇನೆಂಬುದನ್ನು ಹೇಮಾವತಿಯ ದಂಡೆಯವರು ಚೆನ್ನಾಗಿ ಬಲ್ಲರು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದಾಗ ಅದರ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದುವು. ಗದ್ದೆ, ಗುಡಿ, ಜಗಲಿಗಳು ನೀರಿನ ಪಾಲಾದುವು; ಜನರು ಹೊಸ ನೆಲೆಗಳಿಗೆ ಹೋದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯು ಮಾತ್ರ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ಮತ್ತೆ ಮೇಲೆದ್ದು, ಸೂರಿಲ್ಲದೆ ನಿಂತಿರುವುದು. ಈಗ ದೂರದೂರದ ಊರುಗಳಿಂದ ವಧೂವರರೂ ಮಗುವನ್ನೆತ್ತಿಕೊಂಡ ದಂಪತಿಗಳೂ ಅಲ್ಲಿಗೆ ಬಂದು, ಮುರಿದ ಕಮಾನುಗಳ ನಡುವೆ ಚಿತ್ರ ತೆಗೆಸಿಕೊಳ್ಳುವರು. ಹಿಂದೆ ತೆರೆಯ ಮೇಲೆ ಬರೆಯುತ್ತಿದ್ದ ಅರಮನೆಯ ಸ್ಥಾನಕ್ಕೆ ಈಗ ನಿಜವಾದ ಒಂದು ಪಾಳು ಬಂದಿರುವುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಮಾನಿನಡಿಯಲ್ಲಿ ಹಿಂದೆ ಪ್ರಾರ್ಥಿಸಿದವರ, ಆ ನೀರಿನಡಿಯಲ್ಲಿ ಮನೆಮಾಡಿಕೊಂಡಿದ್ದವರ ಮುಖಗಳು ಉಳಿದಿರುವುದು ಅವರು ಗಂಟುಕಟ್ಟಿಕೊಂಡು ಹೊತ್ತೊಯ್ದ ಪಟಗಳಲ್ಲಿ ಮಾತ್ರ.

ಆ ಪಟಗಳಿಗೂ ಈಗ ಅಪಾಯವು ಒದಗಿರುವುದು. ಮಲೆನಾಡಿನಿಂದ ಬೀಸುವ ತೇವದ ಗಾಳಿಯಿಂದ ಗಾಜಿನೊಳಗೆ ಬೂಷ್ಟು ಹಿಡಿಯುವುದು. ಗೆದ್ದಲು ಚೌಕಟ್ಟಿನ ಹಿಂಬದಿಯ ಹಲಗೆಯಿಂದ ಮೊದಲುಮಾಡುವುದು. ಎದುರು ಕಿಟಕಿಯ ಬಿಸಿಲು ಕೈಬಣ್ಣವನ್ನು ತೊಳೆಯುವುದು. ಇವೆಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಹೆಸರು ಹೋಗುವುದು. ಸ್ಟುಡಿಯೋದವನು ತನ್ನ ಹೆಸರನ್ನು ರಟ್ಟಿನ ಅಂಚಿನಲ್ಲಿ ಒತ್ತಿರುವನು. ಪಟದೊಳಗೆ ಕುಳಿತವರ ಹೆಸರನ್ನು ಬರೆದವರಿಲ್ಲ. ಎಲ್ಲರಿಗೂ ತಿಳಿದುದನ್ನು ಬರೆಯುವುದೇಕೆಂಬುದು ಅಂದಿನವರ ಭಾವನೆ. ತಿಳಿದವರು ಹೋದ ಮೇಲೆ ಹಿರಿಯಜ್ಜಿಯು ಮತ್ತೆ ಹೆಸರಿಲ್ಲದ ಮಾದರಿಯೇ ಆಗುವಳು: ಹಳೆಯ ಕಾಲದ ಒಬ್ಬ ಹೆಂಗಸು. ಈಗಿನ ಕೈಯಂತ್ರದ ಚಿತ್ರಗಳಿಗೂ ಇದೇ ಗತಿ ಬರಲಾರದೆಂದು ಹೇಳುವಂತಿಲ್ಲ. ಅವು ಸಾವಿರಾರಿದ್ದರೂ ಯಂತ್ರ ಕೆಟ್ಟೊಡನೆ ಒಟ್ಟಿಗೆ ಹೋಗುವುವು.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಹಿರಿಯರೊಬ್ಬರನ್ನು ಹತ್ತಿರ ಕೂಡಿಸಿಕೊಂಡು, ಪಟವನ್ನು ಕೆಳಗಿಳಿಸಿ, ಹಿಂಬದಿಯಲ್ಲಿ ಮೆದುವಾದ ಸೀಸದಕಡ್ಡಿಯಿಂದ ಎಡದಿಂದ ಬಲಕ್ಕೆ ಕ್ರಮವಾಗಿ ಹೆಸರುಗಳನ್ನೂ ಊರನ್ನೂ ವರ್ಷವನ್ನೂ ಬರೆದಿಟ್ಟರೆ ಸಾಕು. ತೊಟ್ಟಿಲಲ್ಲಿಯೇ ಹೋದ ಕೂಸಿನ ಹೆಸರನ್ನು ಬಿಡಬಾರದು. ಎತ್ತುಗಳಿಗೂ ನಾಯಿಗೂ ಹೆಸರಿದ್ದರೆ ಅದನ್ನೂ ಸೇರಿಸತಕ್ಕದ್ದು. ಕಾಳಿಯೆಂಬ ಬೇಟೆನಾಯಿಯ ಹೆಸರು ಸಾವಿರ ವರ್ಷಗಳಾಚೆಗೂ ಈ ನಾಡಿನಲ್ಲಿ ಉಳಿದುಬಂದಿರುವುದು ಯಾರೋ ಒಬ್ಬರು ಅದನ್ನು ಚಿತ್ರದ ಕೆಳಗೆ ಬರೆಯಿಸಿದ್ದರಿಂದ. ನಡುಮನೆಯ ಗೋಡೆಯ ಮೇಲಿರುವ ಅಜ್ಜಿಗೆ ಅಷ್ಟಾದರೂ ಸಲ್ಲಬೇಕಾದುದು ನ್ಯಾಯ.